ಓದುಗರ ಪ್ರಶ್ನೆ: ದೊಡ್ಡ ಮೈಕಟ್ಟಿನವರಿಗೆ ರೋಯಿಂಗ್ ಮಶೀನ್ ಹ್ಯಾಂಡಲ್ ಹೇಗಿರ್ಬೇಕು?

ಮಳೆ ಹಿಡೀತು ಅಂದ್ರೆ ಕೊಡಗಿನಿಂದ ಬರೋ ಪತ್ರಗಳ ವಿಷಯನೇ ಬದಲಾಗತ್ತೆ. ಬೇಸಿಗೇಲಿ ವಾಕಿಂಗ್ ಬಗ್ಗೆ ಕೇಳ್ತಿದ್ದೋರು ಜೂನ್ ಬಂದ್ಮೇಲೆ ಮನೆ ಒಳಗೆ ಏನ್ ಮಾಡ್ಬಹುದು ಅಂತ ಬರೀತಾರೆ, ಯಾಕಂದ್ರೆ ತೋಟಕ್ಕೆ ಕಾಲಿಟ್ರೆ ಜಿಗಣೆ, ರಸ್ತೆಗೆ ಬಂದ್ರೆ ಎಲ್ಲೋ ಒಂದ್ಕಡೆ ಮರ ಬಿದ್ದಿರತ್ತೆ, ಕರೆಂಟ್ ಹೋದ್ರೆ ಯಾವಾಗ ಬರತ್ತೆ ಅನ್ನೋದು ಗೊತ್ತಿಲ್ಲ, ಟ್ರೆಡ್‌ಮಿಲ್ ಇದ್ರೂ ಸುಮ್ನೆ ಬಟ್ಟೆ ಒಣಗಿಸೋಕೆ ಅಷ್ಟೇ. ರೋಯಿಂಗ್ ಮಶೀನ್‌ಗೆ ಆ ತಾಪತ್ರಯ ಇಲ್ಲ. ನೋಡದೇ ಇರೋರಿಗೆ ಹೇಳ್ಬೇಕಂದ್ರೆ, ದೋಣಿಗೆ ಹುಟ್ಟು ಹಾಕೋ ಥರದ ವ್ಯಾಯಾಮ, ಉದ್ದನೆ ಕಂಬಿ ಮೇಲೆ ಹಿಂದೆ ಮುಂದೆ ಜಾರೋ ಸೀಟು, ಮುಂದ್ಗಡೆ ಪಾದ ಕಟ್ಟೋ ಜಾಗ, ಅದರಾಚೆ ಫ್ಯಾನೋ ನೀರಿನ ಟ್ಯಾಂಕೋ ಮ್ಯಾಗ್ನೆಟ್ ಚಕ್ರವೋ, ಅಲ್ಲಿಂದ ಹೊರಗೆ ಬರೋ ಚೈನು ಅಥವಾ ಬೆಲ್ಟಿನ ತುದೀಲಿ ಒಂದು ಹ್ಯಾಂಡಲ್. ಈ ಸಲ ಬಂದ ಪತ್ರಗಳಲ್ಲಿ ಸುಮಾರು ಎಲ್ಲವೂ ಆ ಹ್ಯಾಂಡಲ್ ಹತ್ರನೇ ಬಂದು ನಿಂತಿವೆ, ಬರೆದವರೂ ದೊಡ್ಡ ಮೈಕಟ್ಟಿನೋರೇ. ಹಾಗಾಗಿ ಈ ಸಂಚಿಕೆಯ ಜಾಗ ಪೂರ್ತಿ ಅವ್ರಿಗೆ ಕೊಟ್ಟಿದೀನಿ.

ಪ್ರಶ್ನೆ: ಮೇಡಂ, ನಮಸ್ಕಾರ. ಸೈನ್ಯದಲ್ಲಿ ಸುಬೇದಾರ್ ಆಗಿ ರಿಟೈರ್ ಆಗಿ ಈಗ ಕಾಫಿ ತೋಟ ನೋಡ್ಕೊಂಡಿದೀನಿ. ಎತ್ತರ 6 ಅಡಿ 2 ಇಂಚು, ತೂಕ 126 ಕೆಜಿ, ಭುಜ ಮೊದ್ಲಿಂದ್ಲೂ ಅಗಲ, ಈಗ ಹೊಟ್ಟೆನೂ ಬಂದಿದೆ. ಪುಣೆ ಸಿಎಂಇ ಅಂದ್ರೆ ಸೈನ್ಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೋರ್ಸಿಗೆ ಹೋಗಿದ್ದಾಗ ಆರ್ಮಿ ರೋಯಿಂಗ್ ಹುಡುಗ್ರು ಈ ಮಶೀನ್ ಮೇಲೆ ಪ್ರಾಕ್ಟೀಸ್ ಮಾಡೋದು ನೋಡಿದ್ದೆ, ಆಗಿಂದ ಆಸೆ ಇತ್ತು, ಮಗಳು ಆನ್‌ಲೈನ್‌ನಲ್ಲಿ ಒಂದು ತರಿಸಿಕೊಟ್ಟಳು. ಹತ್ತು ನಿಮಿಷ ಎಳೆಯೋದ್ರಲ್ಲಿ ಎರಡೂ ಮಣಿಕಟ್ಟು ಕಿರುಬೆರಳಿನ ಕಡೆ ನೋಯೋಕೆ ಶುರುವಾಗತ್ತೆ, ಮುಂಗೈ ಕಲ್ಲಾಗತ್ತೆ, ಹ್ಯಾಂಡಲ್ ಹೊಟ್ಟೆಗೆ ಬಂದು ಬಡಿಯತ್ತೆ. ಮನೇವ್ರು ಮೊದ್ಲು ತೂಕ ಇಳಿಸಿ ಆಮೇಲೆ ಮಶೀನ್ ಹತ್ತಿ ಅಂತಾರೆ. ನನ್ನ ತೂಕಕ್ಕೆ ಈ ಮಶೀನ್ ಸರಿನಾ, ತಪ್ಪು ನನ್ನ ಮೈಯದ್ದಾ ಹ್ಯಾಂಡಲ್‌ದಾ?
— ಓದುಗರು, ಗೋಣಿಕೊಪ್ಪಲು

ಉತ್ತರ: ಸುಬೇದಾರ್ ಸಾಹೇಬ್ರೇ, ತೂಕ ಇಳಿಸಿ ಆಮೇಲೆ ಮಶೀನ್ ಅನ್ನೋ ಮಾತನ್ನ ಮೊದ್ಲು ಬಿಟ್ಬಿಡಿ. ರೋಯಿಂಗ್ ಅನ್ನೋದೇ ದೊಡ್ಡ ಮೈಯವರ ಆಟ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸಿಂಗಲ್ ಸ್ಕಲ್ಸ್, ಅಂದ್ರೆ ಒಬ್ಬರೇ ಎರಡು ಹುಟ್ಟು ಹಾಕೋ ಸ್ಪರ್ಧೇಲಿ ಚಿನ್ನ ಗೆದ್ದ ನ್ಯೂಜಿಲೆಂಡಿನ ರಾಬ್ ವಾಡೆಲ್ ಸುಮಾರು 2 ಮೀಟರ್ ಎತ್ತರದ ಆಳು, ಮಶೀನ್ ಮೇಲೆ 2000 ಮೀಟರ್ ದೂರದ ದಾಖಲೆ ತುಂಬಾ ವರ್ಷ ಅವ್ರ ಹೆಸ್ರಲ್ಲೇ ಇತ್ತು, 2018ರಲ್ಲಿ ಆಸ್ಟ್ರೇಲಿಯಾದ ಜೋಶ್ ಡಂಕ್ಲಿ-ಸ್ಮಿತ್ 5 ನಿಮಿಷ 35.8 ಸೆಕೆಂಡಿನಲ್ಲಿ ಮುಗಿಸಿ ಅದನ್ನ ಮುರಿದ್ರು, ಅವ್ರೂ ದೊಡ್ಡ ಆಳೇ. ಮೈಭಾರ ಪೂರ್ತಿ ಸೀಟಿನ ಮೇಲಿರೋದ್ರಿಂದ ಓಡಿದ್ರೆ ಮಂಡಿಗೆ ಬೀಳೋ ಪೆಟ್ಟು ಇಲ್ಲಿ ಬೀಳಲ್ಲ. ಹಾಗಾಗಿ ನಿಮ್ಮಂಥೋರಿಗೆ ಇದು ಒಳ್ಳೇ ಆಯ್ಕೆ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಆದ್ರೆ ತೂಕದ ಲೆಕ್ಕ ನೋಡ್ಲೇಬೇಕು. ಮಶೀನ್ ಜೊತೆ ಬಂದ ಪುಸ್ತಕದಲ್ಲಿ ಇಲ್ಲಾಂದ್ರೆ ಕಂಬಿಗೆ ಅಂಟಿಸಿರೋ ಸ್ಟಿಕರ್‌ನಲ್ಲಿ ಎಷ್ಟು ಕೆಜಿವರೆಗೆ ಅಂತ ಬರೆದಿರತ್ತೆ. ಅಮೆರಿಕದ ವರ್ಮಾಂಟ್‌ನಲ್ಲಿ 1981ರಿಂದ ಈ ಮಶೀನ್ ಮಾಡ್ತಿರೋ ಕಾನ್ಸೆಪ್ಟ್2 ಕಂಪನಿ ತನ್ನ ರೋಅರ್ಗ್ ಅನ್ನೋ ಮಶೀನಿಗೆ 227 ಕೆಜಿ ಅಂತ ಹೇಳತ್ತೆ, ಕಡಿಮೆ ಬೆಲೆಯವುಗಳಲ್ಲಿ 100, 110, 120 ಅಂತ ಬರೆದಿರೋದು ಸಾಮಾನ್ಯ. ನಿಮ್ಮದರಲ್ಲಿ 120 ಅಂತಿದ್ರೆ ದಯವಿಟ್ಟು ಅದ್ರ ಮೇಲೆ ಕೂರ್ಬೇಡಿ, ಬದಲಾಯಿಸಿಕೊಳ್ಳಿ, ಆರು ಕೆಜಿ ತಾನೇ ಅಂತ ತಳ್ಳಿಹಾಕೋ ವಿಷಯ ಅಲ್ಲ ಇದು. ಎಳೆಯುವಾಗ ಸೀಟು ನಿಮ್ಮ ತೂಕ ಹೊತ್ಕೊಂಡೇ ಓಡಾಡತ್ತೆ, ಸೀಟಿನ ಚಕ್ರ, ಬೋಲ್ಟು ಎಲ್ಲಾ ಆ ಲೆಕ್ಕದಲ್ಲೇ ಕೂರಿಸಿರ್ತಾರೆ.

ಈಗ ಮಣಿಕಟ್ಟು. ಇದನ್ನ ಓದ್ತಾ ಇರುವಾಗ್ಲೇ ಒಂದು ಕೋಲು ತಗೊಳ್ಳಿ, ಎರಡೂ ಅಂಗೈ ಕೆಳಗೆ ಮಾಡಿ, ಕೈಗಳನ್ನ ತೀರಾ ಹತ್ರ ಹತ್ರ ಹಿಡಿದು ಎದೆ ಕೆಳಗಿನ ತನಕ ಎಳ್ಕೊಳ್ಳಿ. ನಿಮ್ಮ ಮೈ ಅಗಲ ಇರೋದ್ರಿಂದ ಮೊಣಕೈ ಪಕ್ಕೆ ಸವರಿಕೊಂಡು ಹಿಂದೆ ಹೋಗೋಕೆ ಜಾಗ ಇಲ್ಲ, ಹೊರಗಡೆ ಹೋಗತ್ತೆ, ಕೈ ಮಾತ್ರ ನಡುವೆನೇ ಇರತ್ತೆ. ಆಗ ಮುಂಗೈ ಓರೆಯಾಗಿ ಒಳಗೆ ಬರತ್ತೆ, ಆದ್ರೆ ಹಿಡಿದಿರೋ ಕೋಲು ನೇರ, ಆ ಓರೆಯನ್ನೆಲ್ಲಾ ಸರಿಮಾಡ್ಕೊಳ್ಳೋದು ಪಾಪ ಮಣಿಕಟ್ಟು, ಅದು ಕಿರುಬೆರಳಿನ ಕಡೆಗೆ ಬಾಗತ್ತೆ. ಈಗ ಅದೇ ಕೋಲನ್ನ ಭುಜದಷ್ಟು ಅಗಲಕ್ಕೆ ಹಿಡಿದು ಎಳೀರಿ, ಬಾಗೋದು ಎಷ್ಟು ಕಮ್ಮಿ ಆಯ್ತು ನೋಡಿ. ನಿಮಗೆ ನೋಯ್ತಿರೋ ಜಾಗಕ್ಕೂ ಇದಕ್ಕೂ ಸರಿಯಾಗಿ ಹೊಂದತ್ತೆ. ತಪ್ಪು ನಿಮ್ಮ ಮೈಯದ್ದಲ್ಲ, ಆ ಹ್ಯಾಂಡಲ್ ನಿಮಗಿಂತ ಸಣ್ಣ ಆಳಿಗೆ ಮಾಡಿದ್ದು.

ಟೇಪ್ ತಗೊಂಡು ಅಳೀರಿ. ಒಂದು ಭುಜದ ತುದೀಲಿ ಕೈಗೆ ಸಿಗೋ ಮೂಳೆಯಿಂದ ಇನ್ನೊಂದು ಭುಜದ ಅದೇ ಮೂಳೆವರೆಗೆ ಮಗಳ ಹತ್ರ ಅಳೆಸ್ಕೊಳ್ಳಿ, ಆಮೇಲೆ ಹ್ಯಾಂಡಲ್‌ನಲ್ಲಿ ಕೈ ಹಿಡಿಯೋಕೆ ಆಗೋ ಉದ್ದ ಅಳೀರಿ. ಹ್ಯಾಂಡಲ್ ಭುಜದ ಅಳತೆಗಿಂತ ಕಮ್ಮಿ ಇದ್ರೆ ನಿಮಗೆ ಅದು ಕುಳ್ಳು. ಇರೋದ್ರಲ್ಲೇ ಸುಧಾರಿಸ್ಬೇಕು ಅಂದ್ರೆ ಕಿರುಬೆರಳು ಹ್ಯಾಂಡಲ್‌ನ ತುದಿಗೆ ಬರೋ ಹಾಗೆ ಕೈ ಆಚೆ ಸರಿಸಿ, ಕಿರುಬೆರಳು ಅರ್ಧ ಹೊರಗೆ ಬಂದ್ರೂ ಪರವಾಗಿಲ್ಲ. ತುಂಬಾ ಜನ ಚೈನ್ ಕೂಡೋ ಜಾಗದ ಪಕ್ಕದಲ್ಲೇ ಎರಡೂ ಕೈ ಒತ್ತಿಟ್ಕೊಂಡು ಎಳೀತಾರೆ, ಅದು ತೆಳ್ಳಗಿರೋರಿಗೂ ಒಳ್ಳೇದಲ್ಲ. ಹೊಸದು ತಗೊಳ್ಳೋದಾದ್ರೆ ಹ್ಯಾಂಡಲ್ ನೇರ ಇದೆಯಾ, ತುದಿಗಳು ಸ್ವಲ್ಪ ಬಾಗಿವೆಯಾ ಅಂತ ನೋಡಿ. ಕಾನ್ಸೆಪ್ಟ್2 ಹ್ಯಾಂಡಲ್‌ಗೆ 10 ಡಿಗ್ರಿ ಬಾಗು ಕೊಟ್ಟಿದಾರೆ, ನೋಡೋಕೆ ಏನೂ ಅನ್ಸಲ್ಲ, ಆದ್ರೆ ಕೈ ಸಹಜವಾಗಿ ಕೂರ್ಲಿ ಅಂತ ಕೊಟ್ಟಿರೋದು ಅದು.

ಮುಂಗೈ ಕಲ್ಲಾಗೋದು ಬೇರೆ ವಿಷಯ, ಅದು ಹಿಡಿತದ್ದು. ನೀವು ಮುಷ್ಟಿ ಬಿಗಿ ಹಿಡೀತಿದೀರ ಅಂತ ಅನ್ಸತ್ತೆ, ಅದೂ ಅಂಗೈ ಪೂರ್ತಿ ಒತ್ತಿ. ಹ್ಯಾಂಡಲ್ ಅಂಗೈಯಲ್ಲಿ ಇರ್ಬಾರ್ದು, ಬೆರಳುಗಳ ಬುಡದ ಹತ್ರ ಕೂರ್ಬೇಕು, ತುಂಬಿದ ಬಕೆಟ್ ಎತ್ತುವಾಗ ಬೆರಳು ಕೊಕ್ಕೆ ಹಾಕ್ತೀವಲ್ಲ ಹಾಗೆ, ಹೆಬ್ಬೆರಳು ಕೆಳಗಡೆ ಸುಮ್ನೆ ತಾಗಿದ್ರೆ ಸಾಕು. ಮಣಿಕಟ್ಟು ಮೇಲಕ್ಕೂ ಮಡಚ್ಬಾರ್ದು ಕೆಳಗೂ ಇಳಿಬೀಳ್ಬಾರ್ದು, ಮುಂಗೈ ಮೇಲೆ ಒಂದು ಸ್ಕೇಲ್ ಇಟ್ರೆ ಬೆರಳ ಗೆಣ್ಣಿನ ತನಕ ಸಪಾಟಾಗಿ ಕೂರೋ ಹಾಗಿರ್ಬೇಕು. ಸೀಟು ಮುಂದಕ್ಕೆ ವಾಪಸ್ ಬರುವಾಗ ಬೆರಳು ಸಡಿಲ ಬಿಡಿ, ಆಗ ಎಳೆಯೋ ಕೆಲಸನೇ ಇರಲ್ಲ, ಆದ್ರೂ ಜನ ಅಷ್ಟೇ ಬಿಗಿ ಹಿಡ್ಕೊಂಡಿರ್ತಾರೆ, ಮುಂಗೈಗೆ ಉಸಿರಾಡೋಕೆ ಒಂದು ಕ್ಷಣನೂ ಸಿಗಲ್ಲ.

ದೊಡ್ಡ ಕೈಯವರಿಗೆ ಇನ್ನೊಂದು ಕಾರಣ ಇದೆ. ಹ್ಯಾಂಡಲ್ ತೆಳ್ಳಗಿದ್ರೆ ಬೆರಳು ಸುತ್ತಿ ಬಂದು ಉಗುರು ಅಂಗೈಗೆ ಒತ್ತತ್ತೆ, ಹಿಡಿದಿದೀನಿ ಅಂತ ಅನ್ಸೋಕೆ ಇನ್ನೂ ಬಿಗಿ ಮಾಡ್ತೀವಿ. ಕೈಯಲ್ಲಿ ಗಟ್ಟಿಯಾಗಿ ಹಿಡಿಯೋ ಸಾಮಾನಿನ ಹಿಡಿ ಸುಮಾರು 3ರಿಂದ 5 ಸೆಂ.ಮೀ. ದಪ್ಪ ಇದ್ರೆ ಒಳ್ಳೇದು ಅನ್ನೋದು ಎರ್ಗಾನಮಿಕ್ಸ್‌ನವರ, ಅಂದ್ರೆ ಸಾಮಾನು ಮೈಗೆ ಹೊಂದೋ ಹಾಗೆ ಮಾಡೋದನ್ನ ಓದಿದೋರ ಲೆಕ್ಕ, ದೊಡ್ಡ ಕೈಗೆ ಅದ್ರಲ್ಲಿ ಮಧ್ಯದ್ದು ಹೊಂದತ್ತೆ. ದಪ್ಪ ನೋಡೋದು ಸುಲಭ, ಒಂದು ದಾರ ಸುತ್ತಿ ಉದ್ದ ಅಳೆದು 3.14ರಿಂದ ಭಾಗಿಸಿ, ದಾರ 10 ಸೆಂ.ಮೀ. ಬಂದ್ರೆ ಹ್ಯಾಂಡಲ್ 3.2 ಸೆಂ.ಮೀ. ದಪ್ಪ. ಕಮ್ಮಿ ಅನ್ಸಿದ್ರೆ ಪರಿಹಾರ ನಿಮ್ಮೂರಲ್ಲೇ ಇದೆ. ಹಾಕಿ ಸ್ಟಿಕ್ಕಿಗೆ ಸುತ್ತೋ ಗ್ರಿಪ್! ಕೊಡಗಿನಲ್ಲಿ ಹಾಕಿ ಸ್ಟಿಕ್ ಇಲ್ಲದ ಮನೆ ಹುಡುಕ್ಬೇಕು, ಗ್ರಿಪ್ಪು ಸ್ಪೋರ್ಟ್ಸ್ ಅಂಗಡೀಲಿ ಸಿಗತ್ತೆ, ಸ್ವಲ್ಪ ಮೆತ್ತನೆ ಇರೋದು ತಗೊಳ್ಳಿ. ತುದಿಯಿಂದ ಶುರುಮಾಡಿ ಒಂದರ ಅಂಚು ಇನ್ನೊಂದರ ಮೇಲೆ ಚೂರು ಬರೋ ಹಾಗೆ ಓರೆ ಸುತ್ತಿ, ಎಳೆದು ಸುತ್ತಬೇಕು ಸಡಿಲ ಆಗ್ಬಾರ್ದು, ಚೈನ್ ಕೂಡೋ ಜಾಗಕ್ಕೆ ಎರಡು ಬೆರಳಷ್ಟು ಮೊದಲೇ ನಿಲ್ಲಿಸಿ ಟೇಪ್ ಹಾಕಿ. ಒಂದು ಸುತ್ತಿಗೆ ಕೆಲವು ಮಿಲಿಮೀಟರ್ ದಪ್ಪ ಸಿಗತ್ತೆ, ಬೆವರೂ ಹೀರತ್ತೆ. ಹಾಗಂತ ಸುತ್ತಿ ಸುತ್ತಿ ತೀರಾ ದಪ್ಪ ಮಾಡ್ಬೇಡಿ, ಬೆರಳ ಕೊಕ್ಕೆ ಕೂರದೇ ಹೋದ್ರೆ ಮತ್ತೆ ಮುಂಗೈ ಮೇಲೇ ಭಾರ.

ಹೊಟ್ಟೆಗೆ ಬಡಿಯೋದು. ಫೋಟೋಗಳಲ್ಲಿ ಹ್ಯಾಂಡಲ್ ಹೊಟ್ಟೆ ಮೇಲ್ಭಾಗಕ್ಕೆ ತಾಗಿರೋ ಹಾಗೆ ತೋರಿಸ್ತಾರಲ್ಲ, ಅದನ್ನ ನೋಡ್ಕೊಂಡು ಕೆಳಗೆ ಎಳೀತಿದೀರ ಅನ್ಸತ್ತೆ. ಪಕ್ಕೆಲುಬಿನ ಕೊನೆ, ಎದೆಗುಂಡಿಯ ಕೆಳಗಿನ ಮಟ್ಟಕ್ಕೆ ಎಳೀರಿ, ಹೊಟ್ಟೆ ಮುಂದೆ ಬಂದಿದ್ರೆ ಅದ್ರ ಮೇಲ್ಗಡೆಯಿಂದ ಹಾದು ಬರೋ ಹಾಗೆ. ಮೈಗೆ ತಾಗ್ಲೇಬೇಕು ಅಂತ ಏನೂ ನಿಯಮ ಇಲ್ಲ, ಒಂದೆರಡು ಬೆರಳು ಮೊದ್ಲೇ ನಿಲ್ಲಿಸಿದ್ರೂ ವ್ಯಾಯಾಮಕ್ಕೆ ನಷ್ಟ ಇಲ್ಲ, ಯಾಕಂದ್ರೆ ಶಕ್ತಿಯ ದೊಡ್ಡ ಪಾಲು ಬರೋದು ಕಾಲಿಂದ. ಮೊದಲು ಕಾಲು ಒತ್ತಿ, ಆಮೇಲೆ ಸೊಂಟದಿಂದ ಸ್ವಲ್ಪ ಹಿಂದಕ್ಕೆ ವಾಲಿ, ಕೊನೇಲಿ ಕೈ. ವಾಪಸ್ ಬರುವಾಗ ಉಲ್ಟಾ, ಮೊದಲು ಕೈ ನೀಟಾಗಿ ಚಾಚಿ, ಆಮೇಲೆ ಮೈ ಮುಂದಕ್ಕೆ, ಹ್ಯಾಂಡಲ್ ಮಂಡಿ ದಾಟಿದ್ಮೇಲೆ ಮಂಡಿ ಮಡಚಿ. ತೊಡೆ ದಪ್ಪ ಇರೋರು ಮಂಡಿ ಬೇಗ ಎತ್ತಿಬಿಟ್ರೆ ಹ್ಯಾಂಡಲನ್ನ ಅದ್ರ ಮೇಲಿಂದ ಎತ್ತಿ ದಾಟಿಸ್ಬೇಕಾಗತ್ತೆ, ಚೈನು ಕುಣಿಯತ್ತೆ, ಭುಜ ಮೇಲೆ ಹೋಗತ್ತೆ, ಕುತ್ತಿಗೆ ಹಿಡ್ಕೊಳತ್ತೆ.

ಮುಂದೆ ಬಂದಾಗ ಹೊಟ್ಟೆ ತೊಡೆಗೆ ಒತ್ತಿ ಉಸಿರು ಕಟ್ಟಿದ ಹಾಗಾದ್ರೆ ಅಷ್ಟಕ್ಕೇ ನಿಲ್ಲಿಸಿ, ಮೊಣಕಾಲಿನ ಕೆಳಭಾಗ ನೆಟ್ಟಗೆ ಆಗೋ ತನಕ ಬರ್ಲೇಬೇಕು ಅಂತ ಇಲ್ಲ. ಪಾದ ಇಡೋ ಪ್ಲೇಟನ್ನ ಒಂದೆರಡು ತೂತು ಕೆಳಗೆ ಇಳಿಸಿ, ಮಂಡಿ ಎರಡನ್ನೂ ಸ್ವಲ್ಪ ಅಗಲಿಸಿ, ಆಗ ಹೊಟ್ಟೆಗೆ ನಡುವೆ ಜಾಗ ಸಿಗತ್ತೆ, ಮೈ ಸೊಂಟದಿಂದ ಬಾಗತ್ತೆ, ಬೆನ್ನು ಗೂನು ಮಾಡ್ಕೊಂಡು ಹ್ಯಾಂಡಲ್‌ಗೆ ಕೈ ಚಾಚೋದು ತಪ್ಪತ್ತೆ. ರೋಯಿಂಗ್ ಮಾಡೋರಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟಾಗೋದು ಕೆಳಬೆನ್ನಿಗೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ. ಮತ್ತೆ ಫ್ಯಾನ್ ಪಕ್ಕದ ಲಿವರ್ 1ರಿಂದ 10ರವರೆಗೆ ಇದ್ರೆ 3 ಅಥವಾ 4ರಲ್ಲಿಡಿ. ಗಟ್ಟಿ ಆಳುಗಳು ನೇರ 10ಕ್ಕೆ ಹಾಕ್ತಾರೆ, ಪ್ರತಿ ಎಳೆತಕ್ಕೂ ಮಣಿಕಟ್ಟಿನ ಮೇಲೆ ಬೀಳೋ ಭಾರ ಅಲ್ಲೇ ಜಾಸ್ತಿಯಾಗೋದು.

ನೋವು ಪೂರ್ತಿ ಹೋಗೋ ತನಕ ಎಳೆಯೋದು ಬೇಡ, ನಡುವೆ ಬರೀ ಕಾಲಿನ ಕೆಲಸ ಮಾಡಿ. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಹೆಬ್ಬೆರಳಿನ ಕಡೆ ಮುಂಗೈಯಲ್ಲಿ ಊತ ಇದ್ದು, ಕೈ ಆಡಿಸಿದ್ರೆ ಒಳಗೆ ಕರಕರ ಅಂದ್ರೆ ಅದು ಸ್ನಾಯುರಜ್ಜುಗಳು ಒಂದಕ್ಕೊಂದು ಉಜ್ಜಿ ಬರೋ ಬಾವು, ಹುಟ್ಟು ಹಾಕೋರಲ್ಲಿ ಇದು ಹಳೇ ಪರಿಚಯದ ಕಾಯಿಲೆ, ಆಗ ಡಾಕ್ಟರ್‌ಗೆ ತೋರಿಸ್ಲೇಬೇಕು. ನಿಮ್ಮ ಬಿಪಿ ಒಮ್ಮೆ ನೋಡಿಸ್ಕೊಂಡು ಶುರುಮಾಡಿ, ಎಳೆಯುವಾಗ ಉಸಿರು ಹೊರಗೆ ಬಿಡಿ, ಹಿಡಿದಿಟ್ಕೊಳ್ಬೇಡಿ.

ಪ್ರಶ್ನೆ: ಅಕ್ಕ, ನಾನು ಟೀಚರ್, ವಯಸ್ಸು 41. ತೂಕ 98 ಕೆಜಿ, ಎದೆ ಭಾಗ ದೊಡ್ಡದು. ಜಿಮ್‌ನಲ್ಲಿ ಟ್ರೈನರ್ ಹುಡುಗ ಹ್ಯಾಂಡಲ್ ಎದೆವರೆಗೆ ಎಳೀರಿ ಅಂತಾನೆ, ಎಳೆದ್ರೆ ತಾಗಿ ನೋಯತ್ತೆ, ಅವನ ಹತ್ರ ಹೇಳೋಕೆ ಮುಜುಗರ. ಈ ಮಶೀನೇ ಬಿಡ್ಲಾ ಅಂತ ಯೋಚನೆ.
— ಹೆಸರು ಬೇಡ, ಮಡಿಕೇರಿ

ಉತ್ತರ: ಬಿಡ್ಬೇಡಿ. ಎದೆವರೆಗೆ ಅಂತ ಟ್ರೈನರ್ ಹೇಳೋದು ಬಾಯಿಪಾಠದ ಮಾತು, ನಿಮಗೆ ಸರಿಯಾದ ಜಾಗ ಅಂದ್ರೆ ಒಳಉಡುಪಿನ ಕೆಳಗಿನ ಪಟ್ಟಿ ಕೂರೋ ಮಟ್ಟ, ಅದಕ್ಕಿಂತ ಮೇಲೆ ಬೇಡ. ಅಲ್ಲಿಗೂ ತಾಗಿಸ್ಬೇಡಿ, ಮೊಣಕೈ ಪಕ್ಕೆಗೆ ಸಮ ಬಂದಾಗ ನಿಲ್ಲಿಸಿ, ಹ್ಯಾಂಡಲ್ ಮೈಯಿಂದ ಮೂರು ನಾಲ್ಕು ಬೆರಳು ದೂರ ಇದ್ರೆ ಇರ್ಲಿ. ಎದೆ ತುಂಬಿರೋ ಹೆಂಗಸರು ತಾಗೋದನ್ನ ತಪ್ಪಿಸ್ಕೊಳ್ಳೋಕೆ ಗೊತ್ತಿಲ್ಲದೇ ಹ್ಯಾಂಡಲನ್ನ ಗಂಟಲಿನ ಕಡೆ ಎತ್ತಿಬಿಡ್ತಾರೆ, ಮೊಣಕೈ ರೆಕ್ಕೆ ಥರ ಮೇಲೆ ಹೋಗತ್ತೆ, ಭುಜದ ಮುಂಭಾಗ ನೋಯೋಕೆ ಶುರುವಾಗತ್ತೆ, ಇದೊಂದನ್ನ ಗಮನ ಇಟ್ಟು ನೋಡ್ಕೊಳ್ಳಿ. ಚೈನು ಮಶೀನಿಂದ ಕೈವರೆಗೆ ನೆಲಕ್ಕೆ ಸಮನಾಗಿ, ಒಂದೇ ಗೆರೇಲಿ ಬರ್ತಿದ್ರೆ ನೀವು ಸರಿಯಾಗೇ ಮಾಡ್ತಿದೀರ ಅಂತ ಅರ್ಥ.

ಗಟ್ಟಿಯಾಗಿ ಹಿಡಿಯೋ ಸ್ಪೋರ್ಟ್ಸ್ ಬ್ರಾ ಹಾಕಿ, ಉದ್ದನೆ ಸಡಿಲ ಟಾಪ್ ಬೇಡ, ಅದ್ರ ಅಂಚು ಸೀಟಿನ ಚಕ್ರಕ್ಕೆ ಸಿಕ್ಕೋ ಸಾಧ್ಯತೆ ಇರತ್ತೆ, ದುಪ್ಪಟ್ಟಾ ಅಂತೂ ಖಂಡಿತ ಬೇಡ. ಆ ಹುಡುಗನಿಗೆ ಹೇಳೋಕೆ ಮುಜುಗರ ಆದ್ರೆ ಈ ಪುಟ ತೋರಿಸಿ ಸಾಕು, ಕಲಿಯೋದು ಅವನ ಕೆಲಸ. ದೊಡ್ಡ ಮೈಯ ಹೆಂಗಸರು ಜಿಮ್ಮಿಗೆ ಬರೋದೇ ಕಷ್ಟಪಟ್ಟು, ಬಂದ್ಮೇಲೆ ಅವ್ರ ಮೈಗೆ ಹೊಂದೋ ಹಾಗೆ ಹೇಳಿಕೊಡೋದು ಹೇಳಿಕೊಡೋರ ಜವಾಬ್ದಾರಿ, ಇದನ್ನ ನಾನು ಎಷ್ಟು ಸಲ ಬೇಕಾದ್ರೂ ಬರೀತೀನಿ.

ಪ್ರಶ್ನೆ: ಮೇಡಂ, ದಿನಾ ತೋಟದಲ್ಲಿ ವೀಡ್ ಕಟರ್ ಹೊಡೀತೀನಿ, ದೊಡ್ಡ ಮೈ, ತೂಕ 110. ಸಂಜೆ ರೋಯಿಂಗ್ ಮಾಡಿದ್ರೆ ಬೆರಳು ಜೋಮು ಹಿಡಿಯತ್ತೆ, ರಾತ್ರಿ ಎಚ್ಚರ ಆಗೋ ಹಾಗೆ ಹೆಬ್ಬೆರಳು, ತೋರುಬೆರಳು ಮರಗಟ್ಟಿರತ್ತೆ. ಹ್ಯಾಂಡಲ್ ಬದಲಾಯಿಸಿದ್ರೆ ಸರಿಹೋಗತ್ತಾ?
— ಓದುಗರು, ನಾಪೋಕ್ಲು

ಉತ್ತರ: ಹ್ಯಾಂಡಲ್ ಆಮೇಲೆ, ಮೊದ್ಲು ಡಾಕ್ಟರ್. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರ ಆಗೋದು ಕಾರ್ಪಲ್ ಟನಲ್ ತೊಂದರೆಯ ಲಕ್ಷಣ, ಮಣಿಕಟ್ಟಿನೊಳಗೆ ನರ ಹಾದುಹೋಗೋ ಇಕ್ಕಟ್ಟಿನ ಜಾಗದಲ್ಲಿ ಒತ್ತಡ ಹೆಚ್ಚಾಗಿರತ್ತೆ. ತೂಕ ಜಾಸ್ತಿ ಇರೋರಿಗೆ, ಶುಗರ್, ಥೈರಾಯ್ಡ್ ಇರೋರಿಗೆ ಇದು ಬರೋ ಸಂಭವ ಹೆಚ್ಚು, ಅವೆರಡರ ಟೆಸ್ಟೂ ಮಾಡಿಸಿ. ವೀಡ್ ಕಟರ್ ನಡುಕ ದಿನಗಟ್ಟಲೆ ಕೈಗೆ ಬಿದ್ರೆ ಅದೂ ನರಕ್ಕೆ, ರಕ್ತನಾಳಕ್ಕೆ ಒಳ್ಳೇದಲ್ಲ. ಚಳೀಲಿ ಬೆರಳು ಬೆಳ್ಳಗಾಗ್ತಿದ್ರೆ ಅದನ್ನೂ ಡಾಕ್ಟರ್‌ಗೆ ಮರೀದೇ ಹೇಳಿ. ಇಡೀ ದಿನ ನಡುಗೋ ಹಿಡಿಯನ್ನ ಬಿಗಿಹಿಡಿದ ಕೈಗೆ ಸಂಜೆ ಮತ್ತೆ ಇನ್ನೊಂದು ಹಿಡಿ ಕೊಟ್ರೆ ಅದು ಚೇತರಿಸ್ಕೊಳ್ಳೋದು ಯಾವಾಗ? ವೀಡ್ ಕಟರ್ ಹೊಡೆದ ದಿನ ರೋಯಿಂಗ್ ಬೇಡ, ಕಳೆ ಕೆಲಸ ಇಲ್ಲದ ದಿನ ಮಾಡಿ, ಅದೂ ಡಾಕ್ಟರ್ ಸರಿ ಅಂದ್ಮೇಲೆ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡೀತಿದ್ರೆ ಅದು ಬೇರೆ ನರ, ಮೊಣಕೈ ಹಿಂಭಾಗದಲ್ಲಿ ಹೋಗೋದು, ಯಾವ ಬೆರಳು ಅನ್ನೋದನ್ನ ಸರಿಯಾಗಿ ಗಮನಿಸಿ ಹೇಳಿದ್ರೆ ಡಾಕ್ಟರ್‌ಗೆ ಅರ್ಧ ಕೆಲಸ ಆದ ಹಾಗೆ.

ಪ್ರಶ್ನೆ: ಕುಶಾಲನಗರದಲ್ಲಿ ಸಣ್ಣ ಜಿಮ್ ನಡೆಸ್ತೀನಿ. ಒಂದು ಬೆಲ್ಟ್ ಇರೋ ರೋಯರ್, ಒಂದು ಚೈನ್ ರೋಯರ್ ಇದೆ. ನಮ್ಮಲ್ಲಿ ಬರೋ ದೊಡ್ಡ ಮೈಯವ್ರು ಒಂದು ದಿನ ಮಾಡಿ ಬಿಟ್ಬಿಡ್ತಾರೆ. ಹ್ಯಾಂಡಲ್ ತೆಗೆದು ಲ್ಯಾಟ್ ಪುಲ್‌ಡೌನ್ ಬಾರ್ (ಮೇಲಿಂದ ಕೆಳಗೆ ಎಳೆಯೋ ಮಶೀನಿನ ಕಂಬಿ) ಹಾಕ್ಬಹುದಾ, ಇಲ್ಲ ವೆಲ್ಡಿಂಗ್ ಶಾಪ್‌ನಲ್ಲಿ ಉದ್ದ ಹ್ಯಾಂಡಲ್ ಮಾಡಿಸ್ಲಾ?
— ಓದುಗರು, ಕುಶಾಲನಗರ

ಉತ್ತರ: ಇದನ್ನ ಕೇಳಿದ್ದಕ್ಕೇ ಖುಷಿ ಆಯ್ತು ತಮ್ಮ. ವೆಲ್ಡಿಂಗ್ ಬೇಡ. 120 ಕೆಜಿ ಆಳು ಕಾಲೊತ್ತಿ ಪೂರ್ತಿ ಬಲದಲ್ಲಿ ಹಿಂದಕ್ಕೆ ವಾಲಿರುವಾಗ ವೆಲ್ಡಿಂಗ್ ಬಿಟ್ರೆ ಆತ ತಲೆ ಕೆಳಗಾಗಿ ಹಿಂದೆ ಬೀಳ್ತಾನೆ, ಚೈನ್ ತುದಿ ರಭಸದಲ್ಲಿ ಮುಂದೆ ಹೋಗಿ ಹೊಡೆಯತ್ತೆ. ಚೈನ್ ಮಶೀನಿನ ಹ್ಯಾಂಡಲ್‌ಗೆ ಕೈ ಹಾಕ್ಬೇಡಿ, ಅದಕ್ಕೆ ಗ್ರಿಪ್ ಸುತ್ತೋದಷ್ಟೇ ಸಾಕು.

ಬೆಲ್ಟ್ ಮಶೀನಿನಲ್ಲಿ ಹ್ಯಾಂಡಲನ್ನ ರಿಂಗು ಅಥವಾ ಕೊಕ್ಕೆಯಿಂದ ಬಿಚ್ಚಿ ಹಾಕೋ ಹಾಗಿದ್ರೆ, ಕಂಪನಿಯೋರು ಬೇಡ ಅಂತ ಪುಸ್ತಕದಲ್ಲಿ ಬರೆಯದೇ ಇದ್ರೆ, ಬೇರೆ ಹಿಡಿ ಪ್ರಯತ್ನಿಸ್ಬಹುದು. ತಿರುಪು ಹಾಕಿ ಮುಚ್ಚೋ ಕ್ಯಾರಬಿನರ್ (ಲೋಹದ ಕೊಂಡಿ), ಅದ್ರ ಮೇಲೆ ಎಷ್ಟು ಭಾರ ತಡಿಯತ್ತೆ ಅಂತ ಅಚ್ಚಾಗಿರೋದೇ ಬೇಕು, ಕೀ ಚೈನ್‌ಗೆ ಹಾಕೋ ಥರದ್ದು ಬೇಡ. ಲ್ಯಾಟ್ ಬಾರ್‌ಗಳಲ್ಲಿ ಉದ್ದದವು ಬೇಡವೇ ಬೇಡ, ಭಾರಕ್ಕೆ ಬೆಲ್ಟು ಜೋಲುಬಿದ್ದು ಮಂಡಿಗೆ ಬಡಿಯತ್ತೆ, ಒಳಗಿರೋ ಎಳೆದುಕೊಳ್ಳೋ ಹಗ್ಗಕ್ಕೋ ಸ್ಪ್ರಿಂಗಿಗೋ ಅಷ್ಟು ಭಾರ ವಾಪಸ್ ಎಳೆಯೋ ಶಕ್ತಿ ಇರಲ್ಲ. ಹಗುರ ಇರೋ, ತುದಿ ಬಾಗಿರೋ ಗಿಡ್ಡ ಬಾರ್ ನೋಡಿ. ಹಾಕಿದ್ಮೇಲೆ ಸೀಟು ಪೂರ್ತಿ ಮುಂದೆ ತಂದು ನಿಧಾನಕ್ಕೆ ಬಿಟ್ಟು ನೋಡಿ, ಬಾರಿನ ತುದಿ ಮೀಟರ್‌ಗೋ ಕಾಲಿನ ಪ್ಲೇಟಿಗೋ ತಾಗ್ಬಾರ್ದು.

ನನಗೆ ಬಾರ್‌ಗಿಂತ ಇಷ್ಟ ಆಗೋದು ಇನ್ನೊಂದು. ಕೇಬಲ್ ಮಶೀನಿಗೆ ಹಾಕೋ ಡಿ ಆಕಾರದ ಸಿಂಗಲ್ ಹ್ಯಾಂಡಲ್ ನಿಮ್ಮ ಹತ್ರ ಇದ್ದೇ ಇರತ್ತೆ, ಒಂದೇ ಅಳತೆಯ ಗಿಡ್ಡ ಪಟ್ಟಿ ಇರೋ ಎರಡನ್ನ ಒಂದೇ ಕ್ಯಾರಬಿನರ್‌ಗೆ ಹಾಕಿ. ಅಂಗೈ ಒಂದನ್ನೊಂದು ನೋಡೋ ಹಾಗೆ ಹಿಡಿದು ಎಳೆದ್ರೆ ಹೊಟ್ಟೆಯ ಎರಡು ಪಕ್ಕದಿಂದ ಕೈ ಹಿಂದೆ ಹೋಗತ್ತೆ, ನಡುವೆ ಬಡಿಯೋ ಕಬ್ಬಿಣನೇ ಇಲ್ಲ, ಮೊಣಕೈ ಪಕ್ಕೆ ಹತ್ರನೇ ಇರತ್ತೆ, ಮಣಿಕಟ್ಟು ನೆಟ್ಟಗೆ. ಭುಜ ನೋವಿರೋ ದೊಡ್ಡ ಮೈಯವ್ರಿಗೆ ಇದು ತುಂಬಾ ಆರಾಮ. ಎರಡೂ ಕೈ ಒಂದೇ ಸಮ ಎಳೀಬೇಕು, ನಿಧಾನಕ್ಕೆ ಮಾಡ್ಬೇಕು, ಒಂದೇ ಕೈಯಲ್ಲಿ ಎಳೆಯೋ ಆಟ ಯಾರೂ ಆಡ್ಬಾರ್ದು, ಬೆಲ್ಟು ಓರೆಯಾಗಿ ಸವೆಯತ್ತೆ, ಬೆನ್ನೂ ತಿರುಚತ್ತೆ. ಯಾವ ಹಿಡಿಯೇ ಇರ್ಲಿ, ಎಳೆದ ಜಾಗದಲ್ಲಿ ಕೈಬಿಡ್ಬಾರ್ದು, ಮುಂದೆ ತಂದು ಕೊಕ್ಕೆಗೆ ಇಟ್ಟೇ ಏಳ್ಬೇಕು ಅಂತ ಗೋಡೆ ಮೇಲೆ ಬರೆದು ಹಾಕಿ.

ಇನ್ನೂ ಒಂದು, ಜನ ಬಿಟ್ಟು ಹೋಗೋಕೆ ಕಾರಣ ಹ್ಯಾಂಡಲ್ ಒಂದೇ ಆಗಿರಲ್ಲ. ಕೂತ್ಕೊಂಡು ಪಾದ ಕಟ್ಟಿದ್ಮೇಲೆ ಫ್ಯಾನ್ ಹತ್ರ ಇರೋ ಹ್ಯಾಂಡಲ್‌ಗೆ ಕೈ ಎಟುಕದೇ ಹೊಟ್ಟೆ ಒತ್ತಿ ಒದ್ದಾಡೋದು ಎಲ್ಲರ ಮುಂದೆ ಆಗತ್ತೆ, ಆ ಮನುಷ್ಯ ಮತ್ತೆ ಆ ಕಡೆ ಬರಲ್ಲ. ಮಶೀನಿನಲ್ಲಿ ಸೀಟಿನ ಕಡೆಗೆ ಹ್ಯಾಂಡಲ್ ಸಿಕ್ಕಿಸೋ ಕೊಕ್ಕೆ ಇದ್ರೆ ಮೊದ್ಲೇ ಅಲ್ಲಿ ತಂದಿಡಿ, ಇಲ್ಲಾಂದ್ರೆ ನೀವೇ ಎತ್ತಿ ಕೈಗೆ ಕೊಡಿ. ಸಾಮಾನ್ಯ ರೋಅರ್ಗ್ ಸೀಟು ನೆಲದಿಂದ 36 ಸೆಂ.ಮೀ. ಅಷ್ಟೇ, ಎತ್ತರದ ಕಾಲಿನ ಮಾಡೆಲ್ ಆದ್ರೆ 51 ಸೆಂ.ಮೀ., ಕುರ್ಚಿ ಮಟ್ಟಕ್ಕೆ ಬರತ್ತೆ. ಮುಂದೆ ಹೊಸದು ತರೋದಾದ್ರೆ ಅದನ್ನ ಯೋಚನೆ ಮಾಡಿ, ಈಗಿರೋದ್ರ ಪಕ್ಕ ಕೈಯೂರಿ ಏಳೋಕೆ ಅಲುಗಾಡದ ಒಂದು ಬೆಂಚಿಡಿ. ರೋಯರ್ ಬಾಗಿಲಿಗೆ ಎದುರಾಗಿದ್ರೆ ಸ್ವಲ್ಪ ಒಳಗೆ, ಮೂಲೆಗೆ ಸರಿಸಿ.

ಪ್ರಶ್ನೆ: ಹ್ಯಾಂಡಲ್‌ನ ಫೋಮ್ ಮಳೆಗಾಲದಲ್ಲಿ ಅಂಟಂಟಾಗಿ ಕಪ್ಪು ಬೂಷ್ಟು ಹಿಡಿದಿದೆ, ವಾಸನೆ. ಚೈನ್ ಮೇಲೂ ಕೆಂಪು ಕಾಣ್ತಿದೆ, ತೆಂಗಿನೆಣ್ಣೆ ಹಚ್ಲಾ?
— ಓದುಗರು, ಸೋಮವಾರಪೇಟೆ

ಉತ್ತರ: ತೆಂಗಿನೆಣ್ಣೆ ಬೇಡ, ಸೋಮವಾರಪೇಟೆ ಚಳಿಗೆ ಗಟ್ಟಿಯಾಗಿ ಧೂಳು ಹಿಡ್ಕೊಂಡು ಕೂರತ್ತೆ. ಚೈನನ್ನ ಒಣ ಬಟ್ಟೇಲಿ ಒರೆಸಿ, ಆಮೇಲೆ ಬಟ್ಟೆಗೆ ಒಂದು ಚಮಚ ಮಿನರಲ್ ಎಣ್ಣೆ ಅಥವಾ 20ಡಬ್ಲ್ಯೂ ಎಂಜಿನ್ ಆಯಿಲ್ ಹಾಕಿ ಚೈನ್ ಉದ್ದಕ್ಕೂ ಸವರಿ, ಹೆಚ್ಚಾದದ್ದನ್ನ ಒರೆಸಿ ತೆಗೀರಿ. ಕಾನ್ಸೆಪ್ಟ್2ನವರು 50 ಗಂಟೆ ಬಳಸಿದ್ಮೇಲೆ ಒಂದ್ಸಲ ಅಂತಾರೆ, ನಮ್ಮ ಮಳೆಗಾಲಕ್ಕೆ ಅಷ್ಟು ಕಾಯ್ಬೇಡಿ, ಒಣಗಿದ ಹಾಗೆ ಕಂಡಾಗೆಲ್ಲ ಹಚ್ಚಿ. ತುಕ್ಕು ಬಿಡಿಸೋ ಸ್ಪ್ರೇ ಚೈನಿಗೆ ಹೊಡೀಬೇಡಿ, ಇರೋ ಎಣ್ಣೆಯನ್ನೂ ತೊಳೆದುಬಿಡತ್ತೆ. ಕೊಂಡಿಗಳು ಬಿಗಿಯಾಗಿ ಮಡಚದೇ ನಿಂತಿದ್ರೆ ಮಾತ್ರ ಆ ಚೈನ್ ಬದಲಾಯಿಸಿ, ಭಾರ ಹಾಕಿ ಎಳೆಯೋರು ಇದ್ರಲ್ಲಿ ಉದಾಸೀನ ಮಾಡ್ಬಾರ್ದು.

ಬೂಷ್ಟು ಫೋಮಿನ ಒಳಗಿಳಿದಿದ್ರೆ ಒರೆಸಿ ಪ್ರಯೋಜನ ಇಲ್ಲ, ಬ್ಲೇಡಲ್ಲಿ ಉದ್ದಕ್ಕೆ ಸೀಳಿ ತೆಗೆದುಬಿಡಿ. ಒಳಗಿನ ಪೈಪು ಒರೆಸಿ ಪೂರ್ತಿ ಒಣಗ್ಬೇಕು, ಆಮೇಲೆ ಹಾಕಿ ಸ್ಟಿಕ್ಕಿನ ಗ್ರಿಪ್ ಸುತ್ತಿ, ಮೇಲೆ ಹೇಳಿದ ಹಾಗೆ ದಾರ ಹಿಡಿದು ದಪ್ಪ ನೋಡ್ಕೊಂಡು. ಎಳೆದಾದ ತಕ್ಷಣ ಹ್ಯಾಂಡಲ್‌ನ ಬೆವರು ಒರೆಸಿ. ಮಶೀನ್ ಮೇಲೆ ಪ್ಲಾಸ್ಟಿಕ್ ಹೊದಿಸಿ ಮುಚ್ಚಿಡ್ಬೇಡಿ, ಒಳಗೆ ತೇವ ಕಟ್ಟಿಕೊಳ್ಳತ್ತೆ, ಹಳೇ ಹತ್ತಿ ಪಂಚೆ ಸಾಕು. ಮೀಟರ್‌ಗೆ ದೊಡ್ಡ ಟಾರ್ಚ್ ಸೆಲ್ ಹಾಕೋ ಥರದ್ದಾದ್ರೆ, ವಾರಗಟ್ಟಲೆ ಬಳಸದೇ ಇರುವಾಗ ಸೆಲ್ ಹೊರಗೆ ತೆಗೆದಿಡಿ, ಸೋರಿದ್ರೆ ಒಳಗಿನ ತಗಡು ತಿಂದುಬಿಡತ್ತೆ. ನಿಮ್ಮದು ಬೆಲ್ಟಿನ ಮಶೀನ್ ಅಲ್ಲದೇ ಇರೋದಕ್ಕೆ ಈ ಎಣ್ಣೆ ಮಾತೆಲ್ಲ, ಬೆಲ್ಟ್ ಇರೋರು ಅದಕ್ಕೆ ಒಂದು ಹನಿ ಎಣ್ಣೆನೂ ಸೋಕಿಸ್ಬೇಡಿ, ಒಣ ಬಟ್ಟೇಲಿ ಒರೆಸಿದ್ರೆ ಆಯ್ತು.